ದತ್ತಾಂಶ ವರ್ಗಾವಣೆಯಲ್ಲಿ ದಶಮಾಂಶದ ದೋಷಗಳು

2022-23ನೆಯ ಸಾಲಿನಿಂದ ಯುಡೈಸ್ ಪ್ಲಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಮಾಹಿತಿಯನ್ನೂ ಪ್ರತ್ಯೇಕವಾಗಿ ದಾಖಲಿಸಲಾಗುತ್ತಿದೆ. ಗಣಕದ ದಾಖಲೆಗಳು ಹೆಚ್ಚಿದಂತೆ, ಒಂದು ವ್ಯವಸ್ಥೆಯಲ್ಲಿರುವ ಅಂಕಗಳು, ಎತ್ತರ, ತೂಕ, ಶುಲ್ಕ ಮೊದಲಾದ ವಿವರಗಳನ್ನು ಇನ್ನೊಂದಕ್ಕೆ ಸಾಗಿಸುವ ಸಂದರ್ಭಗಳೂ ಹೆಚ್ಚುತ್ತವೆ. ಆಗ ಎದುರಾಗುವ ತೊಡಕುಗಳಲ್ಲಿ 'ಅಮಾನ್ಯ ದಶಮಾಂಶ ಮೌಲ್ಯ' ಎಂಬ ಸೂಚನೆಯೂ ಒಂದು. ಇದು ಯಂತ್ರದ ಹಟವಲ್ಲ. ಬರೆದ ಅಂಕಿಗೂ ಅದರ ಅರ್ಥಕ್ಕೂ ನಡುವೆ ಎಲ್ಲಿಯೋ ಬಿರುಕಿದೆ ಎಂಬುದರ ಕುರುಹು.

ದತ್ತಸಂಚಯದ ಪ್ರತಿ ಅಂಕಣಕ್ಕೂ ಒಂದು ಪ್ರಕಾರವನ್ನು ಗೊತ್ತುಪಡಿಸಲಾಗಿರುತ್ತದೆ. ದಶಮಾಂಶ ಅಂಕಣದಲ್ಲಿ ಸಂಖ್ಯೆ ಮಾತ್ರ ಇರಬೇಕು. ಆದರೆ ಎಲ್ಲ ವ್ಯವಸ್ಥೆಗಳೂ ಈ ನಿಯಮವನ್ನು ಒಂದೇ ಬಿಗಿಯಿಂದ ಪಾಲಿಸುವುದಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ದಶಮಾಂಶವೆಂದು ಘೋಷಿಸಿದ ಅಂಕಣದಲ್ಲಿಯೂ 'ಗೈರು' ಎಂಬ ಪದ ಉಳಿಯಬಲ್ಲದು. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಅದನ್ನು ಒಪ್ಪುವುದಿಲ್ಲ. ಹೀಗೆ ವರ್ಷಗಟ್ಟಲೆ ಅಡಗಿದ್ದ ದೋಷ ವರ್ಗಾವಣೆಯ ದಿನ ಬಯಲಾಗುತ್ತದೆ.

ಕಾಣುವ ದೋಷಗಳು

ಮೊದಲನೆಯದು ಲಿಪಿಯ ತೊಡಕು. ಕೊಲ್ಹಾಪುರ ಜಿಲ್ಲೆಯ ಕನ್ನಡ ಶಾಲೆಯಲ್ಲಿ ಕನ್ನಡ, ದೇವನಾಗರಿ ಮತ್ತು ಅಂತರರಾಷ್ಟ್ರೀಯ ಅಂಕಿಗಳು ಮೂರೂ ಕಣ್ಣಿಗೆ ಬೀಳುತ್ತವೆ. ಓದುಗನಿಗೆ ೩ ಮತ್ತು 3 ಒಂದೇ. ಯೂನಿಕೋಡ್‌ನಲ್ಲಿ ಅವು ಬೇರೆ ಬೇರೆ ಸಂಕೇತಗಳು. ಸಾಮಾನ್ಯವಾಗಿ ದಶಮಾಂಶ ಅಂಕಣ 0ರಿಂದ 9ರವರೆಗಿನ ಅಂತರರಾಷ್ಟ್ರೀಯ ಅಂಕಿಗಳನ್ನು ಮಾತ್ರ ಸ್ವೀಕರಿಸುತ್ತದೆ. ಇನ್ನೂ ಸೂಕ್ಷ್ಮವಾದುದು ಸೊನ್ನೆ. ಬೆರಳಚ್ಚಿಸುವಾಗ ಕನ್ನಡ ಸೊನ್ನೆಯ ಬದಲು ಅನುಸ್ವಾರ ಬಿದ್ದರೆ ಕಣ್ಣಿಗೆ ವ್ಯತ್ಯಾಸವೇ ತೋರದು. ಕನ್ನಡ ಅಂಕಿಗಳನ್ನೆಲ್ಲ ಒಮ್ಮೆಗೇ ಬದಲಾಯಿಸಿದರೂ ಆ ಅನುಸ್ವಾರ ಹಾಗೆಯೇ ಉಳಿಯುತ್ತದೆ.

ಎರಡನೆಯದು ಸಂಖ್ಯೆಯೊಡನೆ ಸೇರಿಕೊಂಡ ಚಿಹ್ನೆಗಳು: 1,25,000ದಲ್ಲಿರುವ ಅಲ್ಪವಿರಾಮ, 'ಕೆ.ಜಿ.', 'ರೂ.', ಅಡ್ಡಗೆರೆ, ಕಣ್ಣಿಗೆ ಕಾಣದ ಖಾಲಿ ಜಾಗ. ಕನ್ನಡ ಬೆರಳಚ್ಚಿನಲ್ಲಿ ಅಕ್ಷರಗಳನ್ನು ಬಿಡಿಸಲು ಬಳಸುವ ಅದೃಶ್ಯ ಸಂಕೇತವೂ ಅಂಕಿಯ ಪಕ್ಕ ಉಳಿದಿರಬಹುದು.

ಮೂರನೆಯದು ಅಂಕಣದ ಅಳತೆ. ಒಟ್ಟು ನಾಲ್ಕು ಅಂಕಿ, ಅವುಗಳಲ್ಲಿ ಎರಡು ಬಿಂದುವಿನ ಬಳಿಕ ಎಂದು ಗೊತ್ತುಪಡಿಸಿದರೆ ಅಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 99.99. ಆಗ ನೂರಕ್ಕೆ ನೂರು ಪಡೆದ ವಿದ್ಯಾರ್ಥಿಯ ದಾಖಲೆಯೇ ತಿರಸ್ಕೃತವಾಗುತ್ತದೆ. ಇಲ್ಲಿ ತಿದ್ದಬೇಕಾದುದು ಅಂಕವನ್ನಲ್ಲ, ಅಂಕಣವನ್ನು.

ಕಾಣದ ದೋಷಗಳು

ತಿರಸ್ಕೃತವಾದ ಮೌಲ್ಯ ಕಡೆಯ ಪಕ್ಷ ತನ್ನ ದೋಷವನ್ನು ತಾನೇ ತೋರಿಸಿಕೊಳ್ಳುತ್ತದೆ. ತಪ್ಪು ಅರ್ಥದೊಡನೆ ಒಳಸೇರಿದ ಮೌಲ್ಯ ಹೆಚ್ಚು ಅಪಾಯಕರ. ಮೈಎಸ್‌ಕ್ಯೂಎಲ್‌ನ ಸಡಿಲ ಕ್ರಮದಲ್ಲಿ '12,500' ಎಂಬುದು ಒಂದು ಎಚ್ಚರಿಕೆಯೊಡನೆ 12 ಆಗಿ ನಿಲ್ಲುತ್ತದೆ. ಎಚ್ಚರಿಕೆಯನ್ನು ಯಾರೂ ಓದದಿದ್ದರೆ 12,500 ರೂಪಾಯಿ 12 ರೂಪಾಯಿಯಾಗಿಯೇ ಉಳಿಯುತ್ತದೆ.

ಹಳೆಯ ಪುಸ್ತಕದಲ್ಲಿ ಬಾಲಕನ ಎತ್ತರ 4.10 ಎಂದಿದೆಯೆನ್ನೋಣ. ಬರೆದವರ ಅರ್ಥ 4 ಅಡಿ 10 ಅಂಗುಲ, ಅಂದರೆ 147.32 ಸೆಂಟಿಮೀಟರ್. ಯಂತ್ರವು ಅದನ್ನು 4.1 ಅಡಿಯೆಂದು ಗ್ರಹಿಸಿದರೆ ಸುಮಾರು 125 ಸೆಂಟಿಮೀಟರ್. ಯಾವ ದೋಷಸೂಚನೆಯೂ ಇಲ್ಲದೆ ಬಾಲಕ 22 ಸೆಂಟಿಮೀಟರ್‌ಗೂ ಹೆಚ್ಚು ಕುಗ್ಗುತ್ತಾನೆ. ಅವನ ಬೆಳವಣಿಗೆ ಕುಂಠಿತವಾಗಿದೆ ಎಂಬ ತಪ್ಪು ತೀರ್ಮಾನಕ್ಕೂ ಅದು ಎಡೆಮಾಡಬಹುದು.

ಸೊನ್ನೆ ತುಂಬುವುದು ಪರಿಹಾರವಲ್ಲ. ಮೂರು ಪರೀಕ್ಷೆಗಳಲ್ಲಿ 60, 72, 66 ಅಂಕ ಪಡೆದು ನಾಲ್ಕನೆಯದಕ್ಕೆ ಗೈರಾದ ವಿದ್ಯಾರ್ಥಿನಿಯ ಸರಾಸರಿ, ಬರೆದ ಪರೀಕ್ಷೆಗಳಲ್ಲಿ 66. 'ಗೈರು' ಇದ್ದಲ್ಲಿ ಸೊನ್ನೆ ಬಿದ್ದರೆ 49.5. ಗೈರನ್ನು ಸೊನ್ನೆಯೆಂದು ಎಣಿಸಬೇಕೆ ಎಂಬುದನ್ನು ಪರೀಕ್ಷಾ ನಿಯಮ ನಿರ್ಧರಿಸಬೇಕೇ ಹೊರತು ವರ್ಗಾವಣೆಯ ಅವಸರವಲ್ಲ.

ತಿದ್ದುವ ಕ್ರಮ

ಮೂಲ ಕಡತದ ಪ್ರತಿಯೊಂದನ್ನು ಮುಟ್ಟದೆ ಕಾಯ್ದಿರಿಸಬೇಕು. ಸಂದೇಹವಿರುವ ಅಂಕಣವನ್ನು ಮೊದಲು ಪಠ್ಯರೂಪದಲ್ಲಿಯೇ ತರಬೇಕು. ಅಂಕಿಗಳು ಮತ್ತು ಹೆಚ್ಚೆಂದರೆ ಒಂದು ಬಿಂದು, ಇವನ್ನು ಬಿಟ್ಟು ಬೇರೇನಾದರೂ ಇರುವ ಸಾಲುಗಳನ್ನು ಬೇರ್ಪಡಿಸಿ, ಕಾರಣಕ್ಕೆ ಅನುಗುಣವಾಗಿ ಗುಂಪು ಮಾಡಬೇಕು. ಪ್ರತಿ ಗುಂಪಿನ ತಿದ್ದುಪಡಿಯನ್ನೂ ಶಾಲೆಯ ಮೂಲ ಪುಸ್ತಕದೊಡನೆ ತಾಳೆ ನೋಡಬೇಕು. ತಿಳಿಯದ ಮೌಲ್ಯವನ್ನು ಖಾಲಿ ಬಿಡಬೇಕು. ಕೊನೆಯಲ್ಲಿ ಎರಡೂ ಕಡೆಯ ಸಾಲುಗಳ ಸಂಖ್ಯೆ, ಒಟ್ಟು ಮೊತ್ತ, ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳನ್ನು ಹೋಲಿಸಬೇಕು. ಅಡಿ-ಅಂಗುಲದಂತಹ ದೋಷಗಳು ಈ ಹೋಲಿಕೆಯಲ್ಲಿಯೂ ತಪ್ಪಿಸಿಕೊಳ್ಳಬಹುದು. ಅವನ್ನು ಹಿಡಿಯಬಲ್ಲವರು ಮಕ್ಕಳನ್ನು ಬಲ್ಲ ಶಿಕ್ಷಕರೇ.

ತರಗತಿಯಲ್ಲಿ

ಈ ವಿಷಯ ಗಣಿತದ ಪಾಠಕ್ಕೂ ಒದಗುತ್ತದೆ. ಗಡಹಿಂಗ್ಲಜದ ಮಕ್ಕಳಿಗೆ ಹೊಲದ ಲೆಕ್ಕ ಕೊಡಬಹುದು: 2 ಎಕರೆ 38 ಗುಂಟೆಯನ್ನು 2.38 ಎಂದು ಬರೆಯುವುದು ಸರಿಯೇ? ಎಕರೆಗೆ 40 ಗುಂಟೆ. ಆದುದರಿಂದ ಸರಿಯಾದ ದಶಮಾಂಶ 2.95. ಇಚಲಕರಂಜಿಯ ಮಕ್ಕಳಿಗೆ ಮಗ್ಗದ ಕೂಲಿಯ ಲೆಕ್ಕ ಕೊಡಬಹುದು: ದರ 0.084 ರೂಪಾಯಿ ಇದ್ದು, ಅಂಕಣವು ಎರಡೇ ಸ್ಥಾನ ಉಳಿಸಿ 0.08 ಮಾಡಿದರೆ, 10,000 ಘಟಕಗಳ ಕೂಲಿ 840ರ ಬದಲು 800 ರೂಪಾಯಿ. ಮೂರನೆಯ ಸ್ಥಾನದ ಅಂಕಿಯೊಂದು ಮಾಯವಾದರೆ ನೇಕಾರನ ಮನೆಗೆ 40 ರೂಪಾಯಿ ಕಡಿಮೆ ಬರುತ್ತದೆ ಎಂಬುದನ್ನು ಮಕ್ಕಳು ತಾವೇ ಲೆಕ್ಕಹಾಕಿ ಕಂಡುಕೊಳ್ಳಲಿ.