ಗೊಂಬೆಯ ಮೈಗೆ ಯಾವ ಬಣ್ಣ?

ನಿಮ್ಮ ಮಗುವಿನ ಬಣ್ಣದ ಕಡ್ಡಿಗಳ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ. ಕೆಂಪು, ಹಸಿರು, ನೀಲಿಯ ನಡುವೆ ಒಂದು ತೆಳು ಗುಲಾಬಿ ಕಡ್ಡಿ ಸಿಗುತ್ತದೆ. ಅದರ ಕಾಗದದ ಮೇಲೆ ಯಾವ ಹೆಸರೇ ಅಚ್ಚಾಗಿರಲಿ, ತರಗತಿಯಲ್ಲಿ ಮಕ್ಕಳು ಕೇಳುವುದು 'ಸ್ಕಿನ್ ಕಲರ್ ಕೊಡೋ' ಎಂದೇ. ಕೇಳುವ ಕೈ ಆ ಬಣ್ಣದ್ದಲ್ಲ, ಕೊಡುವ ಕೈಯೂ ಅಲ್ಲ. ಆದರೂ ಮಗು ಅಮ್ಮನ ಚಿತ್ರ ಬರೆದು, ಅಮ್ಮನ ಮುಖಕ್ಕೆ ಅದನ್ನೇ ತುಂಬುತ್ತದೆ.

ಅಮೆರಿಕದ ಕ್ರಯೋಲಾ ಕಂಪನಿ ಇಂಥ ಕಡ್ಡಿಗೆ 'ಫ್ಲೆಶ್' ಎಂದು ಹೆಸರಿಟ್ಟಿತ್ತು. 1962ರಲ್ಲಿ ಅದನ್ನು 'ಪೀಚ್' ಎಂದು ಬದಲಿಸಿತು. ಬೇರೆ ಬೇರೆ ಮೈಬಣ್ಣಗಳಿಗೆಂದೇ 24 ಕಡ್ಡಿಗಳ ಪೆಟ್ಟಿಗೆಯನ್ನು ಅದೇ ಕಂಪನಿ ಹೊರತಂದದ್ದು 2020ರಲ್ಲಿ. ಹೆಸರು ಹೋಗುವುದಕ್ಕೂ ಬಣ್ಣಗಳು ಬರುವುದಕ್ಕೂ ನಡುವೆ 58 ವರ್ಷ!

ಆಟದ ಗೊಂಬೆಗಳ ಕಥೆಯೂ ಹೆಚ್ಚು ಬೇರೆಯಲ್ಲ. 'ಆ್ಯಕ್ಷನ್ ಫಿಗರ್' ಎಂಬ ಮಾತು ಹುಟ್ಟಿದ್ದೇ 1964ರಲ್ಲಿ ಹ್ಯಾಸ್ಬ್ರೋ ಕಂಪನಿ ತಂದ ಜಿ.ಐ. ಜೋ ಎಂಬ ಸೈನಿಕನಿಂದ. ಗಂಡುಮಕ್ಕಳು 'ಗೊಂಬೆ' ಎಂದರೆ ಮುಟ್ಟಲಾರರು ಎಂಬ ಭಯಕ್ಕೆ ಕಟ್ಟಿದ ಹೆಸರು ಅದು. ಮರುವರ್ಷ ಕಪ್ಪು ಸೈನಿಕನೂ ಬಂದ. ಆದರೆ ಮುಖದ ಅಚ್ಚು ಬಿಳಿಯನದ್ದೇ, ಮೇಲೆ ಬಳಿದ ಬಣ್ಣ ಮಾತ್ರ ಕಂದು. ಲೆಗೋದ ಪುಟ್ಟ ಮನುಷ್ಯರು 1978ರಿಂದ ಎಲ್ಲರೂ ಹಳದಿ. ಅವರಿಗೆ ನಿಜವಾದ ಮೈಬಣ್ಣ ಸಿಕ್ಕಿದ್ದು 2003ರಲ್ಲಿ, ಬ್ಯಾಸ್ಕೆಟ್‌ಬಾಲ್ ಆಟಗಾರರ ಗೊಂಬೆ ಮಾಡಬೇಕಾಗಿ ಬಂದಾಗ.

ಹೀಗಾಗಿ ನಿಮ್ಮ ಮಗು ಹಳೆಯ ಸೈನಿಕನ ಗೊಂಬೆಯೊಂದನ್ನು ತಂದು, 'ಇದನ್ನು ಸಂಗೊಳ್ಳಿ ರಾಯಣ್ಣ ಮಾಡಬೇಕು' ಎಂದರೆ ಪೇಟ, ಕತ್ತಿಗಿಂತ ಮೊದಲು ಎದುರಾಗುವ ತೊಂದರೆ ಮೈಬಣ್ಣದ್ದು. ಒಂದು ಗೊಂಬೆಯ ತಲೆ ಕಿತ್ತು ಇನ್ನೊಂದರ ಮೈಗೆ ಕೂಡಿಸಿದರಂತೂ ಕುತ್ತಿಗೆಯ ಹತ್ತಿರ ಎರಡು ಬಣ್ಣ ಎದ್ದು ಕಾಣುತ್ತದೆ. ಏನು ಮಾಡುವುದು?

ಮೊದಲು ಒಂದು ಧೈರ್ಯದ ಮಾತು. ಮನುಷ್ಯರ ಚರ್ಮಕ್ಕೆ ನೂರಾರು ಬಣ್ಣಗಳಿದ್ದಂತೆ ಕಂಡರೂ, ಚಿತ್ರಕಾರನ ಲೆಕ್ಕದಲ್ಲಿ ಅವೆಲ್ಲ ಕಿತ್ತಳೆಯ ಬಳಗವೇ. ಮೆಲನಿನ್ ಎಂಬ ಕಂದು ದ್ರವ್ಯ, ಅದರಡಿ ಹರಿಯುವ ರಕ್ತದ ಕೆಂಪು, ಒಂದಿಷ್ಟು ಹಳದಿ ಛಾಯೆ: ಇವುಗಳ ಪ್ರಮಾಣ ಹೆಚ್ಚುಕಡಿಮೆಯಾಗುವುದೇ ವ್ಯತ್ಯಾಸ. ಆದ್ದರಿಂದ ಹತ್ತಾರು ಶೀಶೆ ಬೇಡ. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಬಣ್ಣಗಳಲ್ಲಿ ನಾಲ್ಕೈದು ಸಾಕು: ಬರ್ನ್ಟ್ ಸಿಯೆನಾ, ಯೆಲ್ಲೋ ಓಕರ್, ಬರ್ನ್ಟ್ ಅಂಬರ್, ಅಲ್ಟ್ರಾಮರೀನ್ ನೀಲಿ, ಬಿಳಿ. ಹೆಸರು ಕೇಳಿ ಗಾಬರಿಯಾಗಬೇಡಿ. ಸಿಯೆನಾ ಇಟಲಿಯ ಒಂದು ಊರು. ಅಲ್ಲಿಯ ಮಣ್ಣನ್ನು ಸುಟ್ಟು ಕೆಂಪಾಗಿಸಿದ್ದೇ ಬರ್ನ್ಟ್ ಸಿಯೆನಾ. ಓಕರ್ ಎಂದರೆ ಹಳದಿ ಮಣ್ಣು. ಎರಡಕ್ಕೂ ಬಣ್ಣ ಕೊಡುವುದು ಕಬ್ಬಿಣದ ಅಂಶ, ನಮ್ಮ ಅಜ್ಜಿಯರು ಗೋಡೆಗೆ ಸಾರಿಸುತ್ತಿದ್ದ ಕೆಮ್ಮಣ್ಣಿನಲ್ಲಿ ಇರುವುದೂ ಅದೇ.

ಬೆರೆಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಬಣ್ಣ ಕಪ್ಪಾಯಿತೆಂದು ಬಿಳಿ ಸುರಿಯುತ್ತಾರೆ, ಬೆಳ್ಳಗಾಯಿತೆಂದು ಕಪ್ಪು ಸುರಿಯುತ್ತಾರೆ. ಬಿಳಿ ಹೆಚ್ಚಾದರೆ ಮೈ ಸುಣ್ಣ ಬಳಿದಂತಾಗುತ್ತದೆ. ಕಪ್ಪು ಹೆಚ್ಚಾದರೆ ಬೂದಿ ಮೆತ್ತಿದಂತೆ. ಕಂದು ಮೈಯನ್ನು ತಿಳಿಯಾಗಿಸಲು ಮೊದಲು ಓಕರ್ ಸೇರಿಸಿ, ಬಿಳಿ ಕೊನೆಗೆ, ಅದೂ ಕಡ್ಡಿಯ ತುದಿಯಷ್ಟು. ಗಾಢವಾಗಿಸಲು ಅಂಬರ್ ಸೇರಿಸಿ, ಜೊತೆಗೆ ಒಂದು ಹನಿ ನೀಲಿ. ನೀಲಿಯೇಕೆ? ಕಿತ್ತಳೆಗೆ ನೀಲಿ ಎದುರು ಬಣ್ಣ. ಅದು ಬಿದ್ದರೆ ಕಿತ್ತಳೆಯ ಅಬ್ಬರ ಇಳಿದು ಜೀವ ಇರುವ ಕಪ್ಪು ಬರುತ್ತದೆ. ಶೀಶೆಯಲ್ಲಿ ಬರುವ ಕಪ್ಪನ್ನು ಮೈಬಣ್ಣಕ್ಕೆ ಮುಟ್ಟಿಸಲೇಬಾರದು ಎಂಬುದು ನನ್ನ ಹಟ.

ಕಾಸರಗೋಡಿನ ಓದುಗರಿಗೆ ಇದು ಹೊಸ ವಿದ್ಯೆಯಲ್ಲ. ಯಕ್ಷಗಾನದ ಚೌಕಿಯಲ್ಲಿ ಬಿಳಿ, ಹಳದಿ, ಕೆಂಪು ಕಲಸಿ ಮುಖಕ್ಕೆ ಮೊದಲ ಲೇಪ ಹಚ್ಚುವುದನ್ನು ನೀವು ನೋಡಿದ್ದೀರಿ. ಅಳತೆಗೋಲಿಲ್ಲ, ಅಂಗೈಯಲ್ಲಿ ಕಲಸಿ, ಕೆನ್ನೆಗೆ ಒಂದು ಗೀರು ಹಚ್ಚಿ ನೋಡುವುದೇ ಲೆಕ್ಕ. ಗೊಂಬೆಗೂ ಅದೇ ಕ್ರಮ. ಆದರೆ ಹಳೆಯ ಅರದಾಳ, ಇಂಗಳೀಕಗಳನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ ಇರುತ್ತದೆ.

ಕಲಸಿದ ಬಣ್ಣವನ್ನು ಗೊಂಬೆಯ ಬೆನ್ನಿನಲ್ಲೋ, ಬಟ್ಟೆ ಮುಚ್ಚುವ ಜಾಗದಲ್ಲೋ ಒಂದು ಚುಕ್ಕೆ ಇಟ್ಟು ಪೂರ್ತಿ ಒಣಗಲು ಬಿಡಿ. ಅಕ್ರಿಲಿಕ್ ಹಸಿಯಾಗಿದ್ದಾಗ ತಿಳಿಯಾಗಿ ಕಂಡು, ಒಣಗಿದ ಮೇಲೆ ಒಂದು ಪಟ್ಟು ಗಾಢವಾಗುತ್ತದೆ. ಹಸಿ ಬಣ್ಣ ನೋಡಿ 'ಸರಿಹೋಯಿತು' ಎಂದವರು ಮರುದಿನ ಬೆಳಿಗ್ಗೆ ತಲೆ ಕೆರೆದುಕೊಳ್ಳುತ್ತಾರೆ. ಇನ್ನೊಂದು ಮಾತು: ಟ್ಯೂಬ್‌ಲೈಟಿನಲ್ಲಿ ಒಂದಾಗಿ ಕಂಡ ತಲೆ ಮತ್ತು ಮೈ ಅಂಗಳದ ಬಿಸಿಲಿನಲ್ಲಿ ಬೇರೆಯಾಗಿ ಕಾಣಬಹುದು. ಎರಡೂ ಬೆಳಕಿನಲ್ಲಿ ನೋಡಿ ತೀರ್ಮಾನಿಸಿ. ಹೊಳಪೂ ಮೋಸ ಮಾಡುತ್ತದೆ. ಮಿರಿಮಿರಿ ಮಿಂಚುವ ಬಣ್ಣ ಹೆಚ್ಚು ಗಾಢವಾಗಿ ಕಾಣುವುದರಿಂದ, ಕೊನೆಗೆ ಇಡೀ ಗೊಂಬೆಗೆ ಒಂದೇ ಮ್ಯಾಟ್ ವಾರ್ನಿಶ್ ಹಚ್ಚಿದರೆ ಸಣ್ಣಪುಟ್ಟ ವ್ಯತ್ಯಾಸ ಮರೆಯಾಗುತ್ತದೆ.

ತಲೆ ಬದಲಿಸಿದಾಗ ಮೈಯ ಬಣ್ಣಕ್ಕೆ ತಲೆಯನ್ನು ಹೊಂದಿಸಿ, ತಲೆಯ ಬಣ್ಣಕ್ಕೆ ಮೈಯನ್ನಲ್ಲ. ಮೊಣಕೈ, ಮೊಣಕಾಲಿನ ಕೀಲುಗಳು ಆಡಿದಂತೆಲ್ಲ ಉಜ್ಜಿ ಬಣ್ಣ ಏಳುತ್ತದೆ. ಮುಖಕ್ಕೆ ಆ ಕಾಟವಿಲ್ಲ. ಮೈಯನ್ನೂ ಬಳಿಯಲೇಬೇಕಾದರೆ ಗೊಂಬೆಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು ಮೆತ್ತಗಾದ ಮೇಲೆ ಕೈಕಾಲು ಬಿಚ್ಚಿ (ಈ ಕೆಲಸ ದೊಡ್ಡವರದು), ಕೀಲಿನ ಒಳಭಾಗವನ್ನು ಮರಳು ಕಾಗದದಿಂದ ಕೊಂಚ ತೆಳುವಾಗಿಸಿ, ನೀರಾಗಿಸಿದ ಬಣ್ಣವನ್ನು ಮೂರು ನಾಲ್ಕು ಸಲ ತೆಳ್ಳಗೆ ಹಚ್ಚಿ. ಅದಕ್ಕೂ ಮೊದಲು ಸೋಪಿನ ನೀರಿನಲ್ಲಿ ತೊಳೆಯಿರಿ, ಕಾರ್ಖಾನೆಯ ಜಿಡ್ಡಿನ ಮೇಲೆ ಬಣ್ಣ ಕೂರುವುದಿಲ್ಲ. ಮೆತ್ತನೆಯ ಪಿವಿಸಿ ತಲೆಗಳ ಮೇಲೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಎಷ್ಟೋ ಸಲ ಅದು ತಿಂಗಳಾದರೂ ಅಂಟಂಟಾಗಿಯೇ ಉಳಿಯುತ್ತದೆ.

ಇನ್ನು ನಿಜವಾದ ಸೊಗಸು ಒಂದೇ ಮೈಯೊಳಗಿನ ಬಣ್ಣಗಳಲ್ಲಿದೆ. ನಿಮ್ಮ ಕೈಯನ್ನೇ ತಿರುಗಿಸಿ ನೋಡಿ. ಅಂಗೈ ತಿಳಿ, ಗೆಣ್ಣುಗಳು ಗಾಢ, ಮೊಣಕೈ ಇನ್ನೂ ಗಾಢ. ಕೆನ್ನೆ ಮೂಗಿನಲ್ಲಿ ಕೆಂಪು ಹೆಚ್ಚು, ಹಣೆಯಲ್ಲಿ ಹಳದಿ. ಗಡ್ಡ ಬೋಳಿಸಿದ ಗಲ್ಲದಲ್ಲಿ ಬೂದುನೀಲಿಯ ನೆರಳು. ಕಂದು ಗೊಂಬೆಗೆ ಕಂಪನಿಯವರು ಅಂಗೈಗೂ ಅದೇ ಕಂದು ಬಳಿದು ಬಿಡುವುದುಂಟು. ಅದನ್ನೊಂದು ಸರಿಪಡಿಸಿದರೆ ಸಾಕು, ಗೊಂಬೆ ಕೈ ಚಾಚಿದಂತೆ ಕಾಣುತ್ತದೆ. ಕಣ್ಣಿನ ಬಿಳಿಗೂ ಅಪ್ಪಟ ಬಿಳಿ ಬೇಡ, ಹಾಲಿನ ಕೆನೆಯ ಬಣ್ಣ ಇರಲಿ.

ಕನ್ನಡ ಶಾಲೆಯ ಮೇಷ್ಟರಿಗೆ, ಟೀಚರಿಗೆ ಒಂದು ಕೋರಿಕೆ. ಶನಿವಾರದ ಒಂದು ಅವಧಿಯನ್ನು ಇದಕ್ಕೆ ಕೊಡಿ. ಪ್ರತಿ ಮಗುವೂ ತನ್ನ ಮುಂಗೈಯ ಬಣ್ಣವನ್ನು ಕಲಸಿ ಕಾಗದದ ಚೂರಿಗೆ ಹಚ್ಚಿ, ಒಣಗಿಸಿ, ಕೈಯ ಪಕ್ಕ ಹಿಡಿದು ನೋಡಲಿ. ಆಮೇಲೆ ಅದಕ್ಕೊಂದು ಹೆಸರು ಬರೆಯಲಿ. ಶೀಶೆಯ ಮೇಲಿನ ಇಂಗ್ಲಿಷಿನಲ್ಲಿ 'ಫೇರ್', 'ಮೀಡಿಯಂ', 'ಡಾರ್ಕ್' ಎಂಬ ಮೂರೇ ಮಾತುಗಳಿದ್ದರೆ, ನಮ್ಮಲ್ಲಿ ಎಣ್ಣೆಗೆಂಪು ಇದೆ, ಸಾದುಗಪ್ಪು ಇದೆ, ಗೋಧಿಬಣ್ಣ, ನಸುಗೆಂಪು, ಕೃಷ್ಣವರ್ಣ ಇವೆ. ತಾಳವಾಡಿಯ ಮಗು ರಾಗಿಬಣ್ಣ ಎಂದೀತು, ಜತ್ತದ ಮಗು ಜೋಳದ ರೊಟ್ಟಿಯ ಬಣ್ಣ ಎಂದೀತು, ಮಡಕಶಿರಾದ ಮಗು ಹುಣಸೆಹಣ್ಣಿನ ಬಣ್ಣ ಎನ್ನಬಹುದು. ಯಾವುದನ್ನೂ ತಿದ್ದಬೇಡಿ. ನಗುವವರಿದ್ದರೆ ಅವರನ್ನು ಮಾತ್ರ ತಿದ್ದಿ, ಏಕೆಂದರೆ 'ಕರಿಯ' ಎಂಬ ಅಡ್ಡಹೆಸರು ಹುಟ್ಟುವುದು ಇಂಥ ಹೊತ್ತಿನಲ್ಲೇ.

ಆ ಚೂರುಗಳನ್ನು ಬಿಸಾಡದೆ ಒಂದು ರಟ್ಟಿಗೆ ಸಾಲಾಗಿ ಅಂಟಿಸಿ, ಪಕ್ಕದಲ್ಲಿ ಯಾವ ಬಣ್ಣ ಎಷ್ಟು ಹನಿ ಎಂದು ಬರೆದಿಡಿ. ಮುಂದಿನ ಸಲ ರಾಯಣ್ಣನನ್ನೋ ಓಬವ್ವನನ್ನೋ ಮಾಡುವಾಗ ಮಕ್ಕಳು ಅಂಗಡಿಯ ಶೀಶೆ ಹುಡುಕುವ ಬದಲು ಆ ರಟ್ಟನ್ನು ತಂದು, ಯಾರ ಬಣ್ಣ ಹಚ್ಚೋಣ ಎಂದು ಜಗಳವಾಡಲಿ.