ಬೇಗವೂ ಅಲ್ಲ, ತಡವೂ ಅಲ್ಲ!

ನೆದರ್‌ಲೆಂಡ್ಸ್‌ನ ಬಾಕ್ಸ್‌ಮೇರ್ ಎಂಬ ಪುಟ್ಟ ಊರು. ಅಲ್ಲಿನ ಎಂಎಸ್‌ಡಿ ಅನಿಮಲ್ ಹೆಲ್ತ್ ಕಾರ್ಖಾನೆಯಲ್ಲಿ ಪ್ರಾಣಿಗಳಿಗೆ ಲಸಿಕೆ ತಯಾರಾಗುತ್ತದೆ. ಫರ್ಮೆಂಟರ್ ಎಂಬ ಟ್ಯಾಂಕಿನೊಳಗೆ ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಉಕ್ಕುತ್ತಿರುವಾಗ ಒಂದು ಅಮೂಲ್ಯ ಗಳಿಗೆ ಬಂದು ಹೋಗುತ್ತದೆ. ಅದನ್ನು ಹಿಡಿದುಕೊಟ್ಟದ್ದು ಗಣಿತ ಎಂದರೆ ನಂಬುತ್ತೀರಾ?

ಒಂದು ಬ್ಯಾಚ್ ಮುಗಿದರೆ ಫರ್ಮೆಂಟರ್ ತೊಳೆಯಬೇಕು, ಕ್ರಿಮಿಶುದ್ಧ ಮಾಡಬೇಕು, ಹೊಸದಾಗಿ ಕಲ್ಚರ್ ಬೆಳೆಸಿ ತರಬೇಕು. ಅಷ್ಟು ಹೊತ್ತೂ ದುಬಾರಿ ಟ್ಯಾಂಕು ಖಾಲಿ! ಇದಕ್ಕೆ ಕಂಡುಕೊಂಡ ಉಪಾಯ ‘ಬ್ಲೀಡ್-ಫೀಡ್’. ಬೆಳೆದದ್ದರಲ್ಲಿ ಒಂದು ಪಾಲು ಹೊರತೆಗೆದು, ಉಳಿದದ್ದಕ್ಕೆ ತಾಜಾ ಮೀಡಿಯಾ, ಅಂದರೆ ಪೋಷಕ ದ್ರವ, ಸುರಿಯುವುದು. ನಾಳೆಯ ಹೆಪ್ಪಿಗೆಂದು ಪಾತ್ರೆಯಲ್ಲಿ ಒಂದಿಷ್ಟು ಮೊಸರು ಉಳಿಸುತ್ತೇವಲ್ಲ, ಹಾಗೆ. ಉಳಿದ ಜೀವಿಗಳು ಮತ್ತೆ ಹುರುಪಿನಿಂದ ದುಪ್ಪಟ್ಟಾಗತೊಡಗುತ್ತವೆ.

ಆದರೆ ಯಾವಾಗ ತೆಗೆಯುವುದು? ಬೇಗ ತೆಗೆದರೆ ಫಸಲು ಕಡಿಮೆ. ಇನ್ನಷ್ಟು ಬೆಳೆಯಲಿ ಎಂದು ಆಸೆಪಟ್ಟರೆ ಆಹಾರ ಮುಗಿದು ಬೆಳವಣಿಗೆಯೇ ನಿಂತುಬಿಡುತ್ತದೆ. ಅಲ್ಲಿಗೆ ಬ್ಲೀಡ್-ಫೀಡ್ ಅವಕಾಶ ಕೈತಪ್ಪಿದಂತೆ. ಅದು ಯಾವ ಹೊತ್ತಿಗೆ ನಿಲ್ಲುತ್ತದೆಂದು ಮೊದಲೇ ಹೇಳಲಾಗದು. ಅದೇ ತಳಿ, ಅದೇ ಮೀಡಿಯಾ, ಆದರೂ ಒಂದು ಬ್ಯಾಚಿನಂತೆ ಇನ್ನೊಂದಿಲ್ಲ!

ಆಗ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ತೂಚೆ ಮಾರ್ತಗಾನ್ ಮತ್ತು ಸಂಗಡಿಗರು ಇಲ್ಲಿಗೆ ಆಪರೇಷನ್ಸ್ ರಿಸರ್ಚ್, ಅಂದರೆ ಒಳ್ಳೆಯ ನಿರ್ಧಾರಕ್ಕೆ ನೆರವಾಗುವ ಗಣಿತ, ತಂದರು. ಹೆಜ್ಜೆಹೆಜ್ಜೆಗೂ ಒಂದೇ ಪ್ರಶ್ನೆ: ಈಗ ತೆಗೆಯೋಣವೋ, ಕಾಯೋಣವೋ? ಕಾದರೆ ಸಿಗುವ ಲಾಭವನ್ನೂ ಬೆಳವಣಿಗೆ ನಿಂತುಹೋಗುವ ಸಂಭವವನ್ನೂ ತೂಗಿನೋಡುವ ಈ ಲೆಕ್ಕಕ್ಕೆ ಮಾರ್ಕೋವ್ ನಿರ್ಧಾರ ಪ್ರಕ್ರಿಯೆ ಎಂದು ಹೆಸರು. ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಹೊಸ ಉತ್ಪನ್ನಕ್ಕೆ ದಾಖಲೆಯಲ್ಲಿರುವ ಬ್ಯಾಚುಗಳು ಬೆರಳೆಣಿಕೆಯಷ್ಟೇ ಇರಬಹುದು. ಹಾಗಾಗಿ ಅವರು ಬೆಳೆಸಿದ ವಿಧಾನಗಳು ತಮಗೆ ಎಷ್ಟು ಗೊತ್ತಿಲ್ಲ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ, ಹೊಸ ಅಂಕಿಅಂಶ ಸಿಕ್ಕಂತೆಲ್ಲ ಕಲಿಯುತ್ತವೆ! ಅಜ್ಞಾನಕ್ಕೂ ಒಂದು ಅಳತೆಯಿದೆ, ಅದನ್ನು ಸೂತ್ರದೊಳಗೆ ಕೂರಿಸಬಹುದು ಎಂದರೆ ಅದೆಂಥ ಧೈರ್ಯ!

ಆಪರೇಷನ್ಸ್ ರಿಸರ್ಚ್ ಎಂಬ ಈ ವಿದ್ಯೆ ಬೇರೂರಿದ್ದು ಎರಡನೇ ಮಹಾಯುದ್ಧಕಾಲದ ಬ್ರಿಟನ್ನಿನಲ್ಲಿ. ವಿಮಾನದಿಂದ ಬೀಳಿಸುವ ಜಲಬಾಂಬು 100 ಅಡಿ ಆಳದಲ್ಲಿ ಸಿಡಿಯುವ ಬದಲು 25 ಅಡಿಯಲ್ಲೇ ಸಿಡಿಯಲಿ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು. ಬಾಂಬು ಹಳೆಯದೇ, ಬದಲಾದದ್ದು ಆಳ ಮಾತ್ರ. ಜರ್ಮನ್ ಜಲಾಂತರ್ಗಾಮಿಗಳ ನಾಶ ಹೆಚ್ಚಿತು. ಬಾಕ್ಸ್‌ಮೇರ್‌ನಲ್ಲೂ ಟ್ಯಾಂಕು ಅದೇ, ಬ್ಯಾಕ್ಟೀರಿಯಾ ಅದೇ. ಹೊರಬರುವ ಲಸಿಕೆ ಮಾತ್ರ ಹೆಚ್ಚು!

ಫರ್ಮೆಂಟರ್‌ನಿಂದ ತೆಗೆದದ್ದನ್ನು ಮುಂದೆ ಶುದ್ಧೀಕರಿಸುವಾಗಲೂ ಇದೇ ಪರೀಕ್ಷೆ. ಪ್ರತಿ ಹಂತದಲ್ಲೂ ಕಲ್ಮಶದ ಜೊತೆ ಬೇಕಾದ ಪ್ರೋಟೀನೂ ಒಂದಷ್ಟು ಹರಿದುಹೋಗುತ್ತದೆ. ಎಷ್ಟು ಕಳೆದುಕೊಂಡು ಎಷ್ಟು ಶುದ್ಧಿ ಪಡೆಯುವುದು, ಯಾವ ಹಂತದಲ್ಲಿ? ಅದಕ್ಕೂ ಇದೇ ಗಣಿತ ಕೈಹಾಕಿದೆ.