ಸೀಟು ಹಂಚಿಕೆಯಲ್ಲಿ ಆಯ್ಕೆಯ ತಂತ್ರ

ಕೊಡಗಿನ ವಿದ್ಯಾರ್ಥಿಗೆ ಮೈಸೂರಿನ ವೈದ್ಯಕೀಯ ಕಾಲೇಜು ಹೆಚ್ಚು ಇಷ್ಟವೆನ್ನೋಣ. ಅದನ್ನು ಮೊದಲು ಬರೆದರೆ, 2016ರಲ್ಲಿ ಮಡಿಕೇರಿಯಲ್ಲಿ ಆರಂಭವಾದ ವೈದ್ಯಕೀಯ ಸಂಸ್ಥೆಯ ಸೀಟೂ ಕೈತಪ್ಪೀತೆಂಬ ಅಂಜಿಕೆಗೆ ಆಧಾರವುಂಟೇ ಎಂಬುದನ್ನು ಇಲ್ಲಿ ವಿಚಾರಿಸುವೆವು.

ಉತ್ತರವು ಹಂಚಿಕೆಯ ವಿಧಾನವನ್ನು ಅವಲಂಬಿಸಿದೆ. ಬಾಸ್ಟನ್ ನಗರವು 2005ರಲ್ಲಿ ಕೈಬಿಟ್ಟ ಪದ್ಧತಿಯಲ್ಲಿ, ಶಾಲೆಯನ್ನು ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲ ಅವಕಾಶ; ಅಲ್ಲಿ ಇಷ್ಟವನ್ನು ಮರೆಮಾಚುವುದು ಜಾಣತನವಾಗಬಹುದಿತ್ತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕ್ರಮ ಬೇರೆ. ಇಲ್ಲಿ ರ‍್ಯಾಂಕಿನ ಸರದಿ ಬಂದಾಗ, ಆಯಾ ಮೀಸಲಾತಿಗೆ ಒಳಪಟ್ಟು, ಪಟ್ಟಿಯನ್ನು ಮೇಲಿನಿಂದ ನೋಡಿ ಉಳಿದಿರುವ ಮೊದಲ ಸೀಟನ್ನು ಕೊಡಲಾಗುತ್ತದೆ. ಮೈಸೂರು ದೊರೆಯದಿದ್ದರೂ ಮಡಿಕೇರಿಯ ಸರದಿ ಕೆಡದು. ಆದುದರಿಂದ ಒಂದು ಸುತ್ತಿನೊಳಗೆ ನಿಜವಾದ ಇಷ್ಟವನ್ನೇ ಬರೆಯುವುದು ಶ್ರೇಷ್ಠ.

ತೊಡಕಿರುವುದು ಸುತ್ತುಗಳ ನಡುವೆ. ಸೀಟನ್ನು ಉಳಿಸಿಕೊಂಡು ಮುಂದುವರಿದವರಿಗೆ ಪಟ್ಟಿಯಲ್ಲಿ ಮೇಲಿರುವ ಆಯ್ಕೆ ದೊರೆತರೆ ಹಿಂದಿನದು ರದ್ದಾಗುತ್ತದೆ. ಆದ್ದರಿಂದ ಕೈಯಲ್ಲಿರುವುದಕ್ಕಿಂತ ಮಿಗಿಲಲ್ಲದುದನ್ನು ಅದರ ಮೇಲೆ ಇರಿಸಬಾರದು.